ಟೈಟಾನಿಯಾ ಮೇಲಿನ ಪ್ಲಾಟಿನಂ: ಟಿಇಎಮ್‌ನಲ್ಲಿ 2 ನ್ಯಾನೊಮೀಟರ್ ಕಣ, ಸಿಒ ಪಲ್ಸ್‌ನಲ್ಲಿ ಡಿಸ್ಪರ್ಶನ್ ಬರೀ 5%

ಬಿಳಿಪುಡಿ:
ಪಿ25 ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್ ಪುಡಿ) ಮೇಲೆ 1% ಪ್ಲಾಟಿನಂ, ಕ್ಲೋರೊಪ್ಲಾಟಿನಿಕ್ ಆಸಿಡ್‌ನಿಂದ ಮಾಡಿದ್ದು. 0.3 ಗ್ರಾಂ ಸ್ಯಾಂಪಲ್. 10% ಹೈಡ್ರೋಜನ್‌ನಲ್ಲಿ 500 ಡಿಗ್ರಿಗೆ 2 ಗಂಟೆ ರಿಡಕ್ಷನ್, ಹೀಲಿಯಂ ಪರ್ಜ್, 35 ಡಿಗ್ರಿಗೆ ಇಳಿಸಿ 0.5 ಮಿ.ಲೀ. ಲೂಪ್‌ನಿಂದ 10% ಸಿಒ (ಕಾರ್ಬನ್ ಮಾನಾಕ್ಸೈಡ್) ಪಲ್ಸ್; ಪ್ಲಾಟಿನಂ ಹಿಡಿಯದೆ ಬಿಟ್ಟ ಸಿಒ ಡಿಟೆಕ್ಟರ್‌ನಲ್ಲಿ ಪೀಕ್ ಆಗಿ ಕಾಣುತ್ತೆ. ಮೊದಲ ಪಲ್ಸ್‌ಗೇ ಅರ್ಧಕ್ಕಿಂತ ದೊಡ್ಡ ಪೀಕ್ ಏಳುತ್ತೆ, ಎರಡನೆಯದರಿಂದ ಎಲ್ಲ ಒಂದೇ ಎತ್ತರ. ಲೆಕ್ಕಕ್ಕೆ ಡಿಸ್ಪರ್ಶನ್ (ಮೇಲ್ಮೈಯಲ್ಲಿರುವ ಪ್ಲಾಟಿನಂ ಪರಮಾಣುಗಳ ಪಾಲು) ಬರೀ 5%. ಲೀಕ್ ಇಲ್ಲ. ರಿಡಕ್ಷನ್ ಆದಮೇಲೆ ತೆಗೆದ ಟಿಇಎಮ್‌ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲೂ ಕಣ 2 ನ್ಯಾನೊಮೀಟರ್ ಆಸುಪಾಸೇ. ಲೂಪ್ ಕ್ಯಾಲಿಬ್ರೇಶನ್ ಕೆಟ್ಟಿದೆಯಾ?

ಲೂಪ್‌ವಾಲ್ವ್:
ಕ್ಯಾಲಿಬ್ರೇಶನ್ ಮೇಲೆ ಅನುಮಾನ ಬೇಡ, ಲೆಕ್ಕ ಹಾಕಿ ನೋಡಿ. 0.3 ಗ್ರಾಂನಲ್ಲಿ 15.4 ಮೈಕ್ರೊಮೋಲ್ ಪ್ಲಾಟಿನಂ ಇದೆ. 2 ನ್ಯಾನೊಮೀಟರ್ ಕಣಕ್ಕೆ ಡಿಸ್ಪರ್ಶನ್ ಸುಮಾರು 55% ಇರಬೇಕು, ಅಂದರೆ 8.5 ಮೈಕ್ರೊಮೋಲ್ ಸಿಒ. ನಿಮ್ಮ ಒಂದು ಪಲ್ಸ್‌ನಲ್ಲಿ 2 ಮೈಕ್ರೊಮೋಲ್ ಇರುತ್ತೆ. ನಾಲ್ಕು ಪಲ್ಸ್ ನುಂಗಬೇಕಿತ್ತು, ನುಂಗಿದ್ದು ಒಂದರ ಅರ್ಧವೂ ಇಲ್ಲ. ಲೂಪ್ ತಪ್ಪಿನಿಂದ ಇಷ್ಟು ಅಂತರ ಬರಲ್ಲ.

ತಪ್ಪಿರೋದು 500 ಡಿಗ್ರಿಯಲ್ಲಿ. ಆ ಬಿಸಿಗೆ ಹೈಡ್ರೋಜನ್‌ನಲ್ಲಿ ಟೈಟಾನಿಯಾನೂ ಭಾಗಶಃ ರಿಡ್ಯೂಸ್ ಆಗಿ, ಆಕ್ಸಿಜನ್ ಕಮ್ಮಿಯಾದ ತೆಳು ಪದರವೊಂದು ಪ್ಲಾಟಿನಂ ಕಣದ ಮೇಲೆ ಹರಿದು ಕೂರುತ್ತೆ. ಕಣ ಬೆಳೆದಿರಲ್ಲ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮುಚ್ಚಿಹೋಗಿರುತ್ತೆ, ಅಷ್ಟೆ. ಸಿಒಗೆ ಕೂರಲು ಜಾಗವೇ ಇಲ್ಲ. ಹೀಗೆ ಸಿಒ ಹಿಡಿಯೋದು ನಿಂತುಹೋಗೋದನ್ನು 1978ರಲ್ಲಿ ಟೌಸ್ಟರ್, ಫಂಗ್, ಗಾರ್ಟನ್ ವರದಿ ಮಾಡಿದರು, ಪದರದ ವಿವರಣೆ ಆಮೇಲೆ ಬಂತು. ಇದರ ಹೆಸರು ಎಸ್‌ಎಂಎಸ್‌ಐ (ಲೋಹ ಮತ್ತು ಅದರ ಆಧಾರದ ನಡುವಿನ ಬಲವಾದ ಪರಸ್ಪರ ಕ್ರಿಯೆ).

ಅದೇ ಸ್ಯಾಂಪಲ್ ಬಿಸಾಡಬೇಡಿ. ಹೀಲಿಯಂ ಹರಿಸಿ ಹೈಡ್ರೋಜನ್ ಪೂರ್ತಿ ಹೊರಹಾಕಿ (ಇದನ್ನು ಬಿಟ್ಟರೆ ಅಪಾಯ), 5% ಆಕ್ಸಿಜನ್‌ನಲ್ಲಿ 400 ಡಿಗ್ರಿಗೆ 1 ಗಂಟೆ ಇಡಿ. ಮತ್ತೆ ಹೀಲಿಯಂ. ಆಮೇಲೆ 200 ಡಿಗ್ರಿಯಲ್ಲಿ 1 ಗಂಟೆ ರಿಡಕ್ಷನ್. ಅದೇ 200 ಡಿಗ್ರಿಯಲ್ಲೇ ಹೀಲಿಯಂಗೆ ಬದಲಿಸಿ 45 ನಿಮಿಷ ಬಿಟ್ಟು, ಹೀಲಿಯಂನಲ್ಲೇ ತಣ್ಣಗೆ ಮಾಡಿ. ಹೈಡ್ರೋಜನ್‌ನಲ್ಲಿ ಇಳಿಸಿದರೆ ಪ್ಲಾಟಿನಂ ಮೇಲೆ ಹೈಡ್ರೋಜನ್ ಉಳಿದು, ಸಿಒ ಬಂದಾಗ ಅದು ಜಾಗ ಬಿಟ್ಟು ಟಿಸಿಡಿಯ (ಅನಿಲದ ಉಷ್ಣವಾಹಕತೆ ಅಳೆಯುವ ಡಿಟೆಕ್ಟರ್) ಗೆರೆಯನ್ನು ಕದಡುತ್ತೆ.

ಸ್ಪೆಕ್ಟ್ರಮ್:
ಒಂದು ಮಾತು ಸೇರಿಸ್ತೀನಿ. ಆಕ್ಸಿಜನ್ ಕೊಟ್ಟಮೇಲೂ ಸಿಒ ಏರದಿದ್ದರೆ ಕ್ಲೋರಿನ್ ಉಳಿಕೆ ನೋಡಿ, ಪ್ರಿಕರ್ಸರ್‌ನದ್ದು, ಅಂದರೆ ನೀವು ಬಳಸಿದ ಕ್ಲೋರೊಪ್ಲಾಟಿನಿಕ್ ಆಸಿಡ್‌ನದ್ದು. ಟೆಟ್ರಾಮೀನ್ ಪ್ಲಾಟಿನಂ ನೈಟ್ರೇಟ್‌ನಲ್ಲಿ ಆ ತಕರಾರು ಇಲ್ಲ. ಇನ್ನು ಒಂದು ಪ್ಲಾಟಿನಂ ಪರಮಾಣುವಿಗೆ ಒಂದು ಸಿಒ ಅನ್ನೋ 1:1 ಲೆಕ್ಕ ನಂಬಬಹುದಾ ಅನ್ನೋದಕ್ಕೆ ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್) ತೆಗೆಯಿರಿ: ಒಂದೇ ಪರಮಾಣುವಿನ ಮೇಲೆ ನಿಂತ ಸಿಒ 2050ರಿಂದ 2090ರ ಮಧ್ಯೆ, ಎರಡರ ನಡುವೆ ಸೇತುವೆಯಾಗಿ ಕೂತದ್ದು 1850ರ ಹತ್ತಿರ (ಪ್ರತಿ ಸೆಂ.ಮೀ. ತರಂಗಸಂಖ್ಯೆಯಲ್ಲಿ). ಪ್ಲಾಟಿನಂ ಮೇಲೆ ಮೊದಲನೆಯದೇ ಜಾಸ್ತಿ. ಪಲ್ಲಾಡಿಯಂ ಆಗಿದ್ದರೆ ಹೀಗೆ ಧೈರ್ಯವಾಗಿ ಹೇಳ್ತಿರಲಿಲ್ಲ.

ಬರೀ ಟೈಟಾನಿಯಾದ ಬ್ಲಾಂಕ್ ಕೂಡ ಹಾಕಿ.

ಬಿಳಿಪುಡಿ:
400ರಲ್ಲಿ ಆಕ್ಸಿಜನ್, 200ರಲ್ಲಿ ರಿಡಕ್ಷನ್ ಮಾಡಿದೆ. ಮೊದಲ ಮೂರು ಪಲ್ಸ್‌ಗೆ ಗೆರೆ ಅಲುಗಲಿಲ್ಲ, ನಾಲ್ಕನೆಯದಕ್ಕೆ ಕಾಲುಭಾಗದ ಪೀಕ್, ಐದರಿಂದ ಸಮ. ಸುಮಾರು 50%. ಬ್ಲಾಂಕ್‌ನಲ್ಲಿ ಏನೂ ಹಿಡಿಯಲಿಲ್ಲ. ಹಾಗಾದರೆ 500 ಡಿಗ್ರಿ ರಿಡಕ್ಷನ್ ಬಿಟ್ಟೇಬಿಡಬೇಕಾ ಸರ್?

ಲೂಪ್‌ವಾಲ್ವ್:
ಡಿಸ್ಪರ್ಶನ್ ಅಳೆಯಲು ಬಿಡಿ. ರಿಯಾಕ್ಷನ್‌ಗೆ ಬಿಡಬೇಕಿಲ್ಲ: ಕ್ರೋಟನಾಲ್ಡಿಹೈಡ್ ಹೈಡ್ರೋಜನೇಶನ್‌ನಲ್ಲಿ 500ರ ಸ್ಯಾಂಪಲ್ಲೇ ಕ್ರೋಟೈಲ್ ಆಲ್ಕೋಹಾಲ್ ಕಡೆಗೆ ಹೆಚ್ಚು ಒಲಿಯುತ್ತೆ, ಪದರದ ಅಂಚಿನ ಟೈಟಾನಿಯಂ ಕಾರ್ಬೊನಿಲ್‌ನ ಆಕ್ಸಿಜನ್ ಹಿಡಿದುಕೊಳ್ಳೋದರಿಂದ. ಆದರೆ ಅಲ್ಲಿ ಟರ್ನೋವರ್ (ಒಂದೊಂದು ಮೇಲ್ಮೈ ಪರಮಾಣುವಿನ ರಿಯಾಕ್ಷನ್ ವೇಗ) ಲೆಕ್ಕ ಹಾಕುವಾಗ ಈ 50%ರಿಂದ ಭಾಗಿಸಬೇಡಿ, ಅದು ಪದರವಿಲ್ಲದೆ ತೆರೆದಿರುವ ಮೇಲ್ಮೈಯದು.