ತೋಪಿನ ಹಿಂದೆ ರಾತ್ರಿಯಿಡೀ ಟಿಪ್ಪರ್, ಸಂಘ ಎಲ್ಲಿದೆ?

(ಯಲಹಂಕ ವಾಯುನೆಲೆ ಕಡೆಯ ಒಂದು ಬಡಾವಣೆಯ ನಿವಾಸಿಗಳ ವಾಟ್ಸಾಪ್ ಗುಂಪು)

ಮನೆ 31, ರಾತ್ರಿ 2:47
ಯಾರಾದರೂ ಎದ್ದಿದ್ದೀರಾ? ಇಲ್ಲ ನಮ್ಮ ಮನೆ ಕಿಟಕಿ ಮಾತ್ರ ನಡುಗುತ್ತಿದೆಯಾ? ಹನ್ನೊಂದು ಗಂಟೆಯಿಂದ ತೋಪಿನ ಹಿಂದೆ ಟಿಪ್ಪರ್ ಮೇಲೆ ಟಿಪ್ಪರ್. ಮಣ್ಣು ಸುರಿದು ಹಿಂದಿನ ಡೋರನ್ನು ದಡಾರ್ ಅಂತ ಬಡಿಯುತ್ತಾರೆ. ಜೆಸಿಬಿ ರಿವರ್ಸ್ ಹಾರ್ನ್ ನಿಲ್ಲುತ್ತಲೇ ಇಲ್ಲ. ಮಗು ಎದ್ದೆದ್ದು ಅಳುತ್ತಿದೆ. ಅತ್ತೆ ಹಾಲ್‌ನಲ್ಲಿ ಕೂತು ಬೆಳಗಾಗೋದನ್ನು ಕಾಯುತ್ತಿದ್ದಾರೆ. ಟೆರೇಸ್ ಮೇಲೆ ಒಣಹಾಕಿದ್ದ ಬಟ್ಟೆಯೆಲ್ಲ ಕೆಂಪು ಧೂಳು. ಸಂಘ ಅಂತ ಒಂದಿದೆಯಾ, ಇಲ್ಲ ಗಣೇಶನ ಹಬ್ಬಕ್ಕೆ ಚಂದಾ ಎತ್ತೋಕೆ ಮಾತ್ರ ಇರೋದಾ?

ಮನೆ 12, ರಾತ್ರಿ 2:53
ಎದ್ದಿದ್ದೇನೆ ಮೇಡಂ. ಮೊದಲು ವಿಮಾನ ಅಂದುಕೊಂಡೆ. ಇಷ್ಟು ಹೊತ್ತು ಒಂದೇ ಕಡೆ ನಿಂತು ಕೂಗೋ ವಿಮಾನ ಏರ್ ಶೋಗೂ ಬಂದಿಲ್ಲ ಅಂತ ಆಮೇಲೆ ಹೊಳೆಯಿತು.

ಮನೆ 31, ರಾತ್ರಿ 2:55
ತಮಾಷೆ ಬೇಡ. ಫೋನ್ ಮಾಡಿ ಪೊಲೀಸರನ್ನು ಕರೆಸಿದೆ. ಅವರ ಗಾಡಿ ಬಂದಾಗ ಸದ್ದು ನಿಂತಿತು. ಗಾಡಿ ತಿರುವು ದಾಟಿದ ತಕ್ಷಣ ಮತ್ತೆ ಶುರು.

ಮನೆ 26, ಬೆಳಿಗ್ಗೆ 5:40
(ಫಾರ್ವರ್ಡ್) ಶುಭೋದಯ. ರಾತ್ರಿ ಮಲಗುವ ಮುನ್ನ ಹೊಕ್ಕುಳಿಗೆ ಎರಡು ಹನಿ ಹರಳೆಣ್ಣೆ ಹಚ್ಚಿದರೆ ಗಾಢ ನಿದ್ದೆ ಬರುತ್ತದೆ. 10 ಜನರಿಗೆ ಕಳಿಸಿ.

ಮನೆ 31, ಬೆಳಿಗ್ಗೆ 5:44
ಮೇಷ್ಟ್ರೇ, ದಯವಿಟ್ಟು.

ಕಾರ್ಯದರ್ಶಿ, ಬೆಳಿಗ್ಗೆ 7:15
ಎಲ್ಲರೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಸಂಘದ ಗಮನಕ್ಕೆ ಬಂದಿದೆ. ಭಾನುವಾರ ಪಾರ್ಕಿನಲ್ಲಿ ಮೀಟಿಂಗ್ ಕರೆಯೋಣ. ಹಾಗೆಯೇ ಹೋದ ವರ್ಷದ ಚಂದಾ ಬಾಕಿ ಇರುವವರು ಕೊಟ್ಟುಬಿಡಿ.

ಮನೆ 7, ಬೆಳಿಗ್ಗೆ 7:22
ನಾನು 2019ರಲ್ಲೇ ಹೇಳಿದ್ದೆ. ಯಾರೂ ಕೇಳಲಿಲ್ಲ. ಬೇಕಿದ್ದರೆ ಗುಂಪಿನಲ್ಲಿ ಹಿಂದಕ್ಕೆ ಹೋಗಿ ನೋಡಿ.

ಮನೆ 12, ಬೆಳಿಗ್ಗೆ 7:24
ಸಾರ್, ಈ ಗುಂಪು ಶುರುವಾಗಿದ್ದೇ 2021ರಲ್ಲಿ.

ಮನೆ 7, ಬೆಳಿಗ್ಗೆ 7:25
ಬಾಯಲ್ಲಿ ಹೇಳಿದ್ದೆ.

ಮನೆ 18 ಮಹಡಿ, ಬೆಳಿಗ್ಗೆ 8:10
(ಫೋಟೋ: ಪೇಪರ್ ಕಟಿಂಗ್)
ಟಿಪ್ಪರ್ ನಿನ್ನೆ ಬಂದಿದ್ದು. ಇದು ಹೋದ ವಾರ ಬಂದಿದ್ದು. ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ಮಧ್ಯೆ. ತೋಪಿನ ಹಿಂದಿನ ಸರ್ವೆ ನಂಬರ್‌ಗಳನ್ನು ಕೃಷಿ ವಲಯದಿಂದ ಕೈಗಾರಿಕಾ ವಲಯಕ್ಕೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಲಿಖಿತವಾಗಿ ಕೊಡಿ ಅಂತ ಇದೆ. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರದ ನೋಟಿಸ್. ಮಾಸ್ಟರ್ ಪ್ಲಾನಿನಲ್ಲಿ ಒಂದು ಬಣ್ಣ ಇದ್ದ ಜಮೀನಿಗೆ ಇನ್ನೊಂದು ಬಣ್ಣ ಹಾಕಬೇಕಾದರೆ ಮೊದಲು ಜನರನ್ನು ಕೇಳಬೇಕು, ಆಮೇಲೆ ಸರ್ಕಾರ ಒಪ್ಪಬೇಕು. ನಾವು ಬರೆದು ಕೊಡದಿದ್ದರೆ ಫೈಲಿನಲ್ಲಿ 'ಯಾವುದೇ ಆಕ್ಷೇಪಣೆ ಬಂದಿಲ್ಲ' ಅಂತ ಒಂದು ಸಾಲು ಬೀಳುತ್ತದೆ. ಅಷ್ಟೇ ಸಾಕು ಅವರಿಗೆ.

ಮನೆ 31, ಬೆಳಿಗ್ಗೆ 8:13
ಅಂದರೆ ಒಪ್ಪಿಗೆ ಬರೋ ಮೊದಲೇ ಮಣ್ಣು ತುಂಬುತ್ತಿದ್ದಾರಾ?

ಮನೆ 18 ಮಹಡಿ, ಬೆಳಿಗ್ಗೆ 8:14
ಹೌದು ಅಕ್ಕ. ಅದನ್ನೂ ಬರೆಯೋಣ. ರಾತ್ರಿಯ ವಿಡಿಯೋ ಇಟ್ಟುಕೊಂಡಿರಿ, ಡಿಲೀಟ್ ಮಾಡಬೇಡಿ.

ಮನೆ 7, ಬೆಳಿಗ್ಗೆ 8:20
ಯಾರೂ ಹೆದರಬೇಕಿಲ್ಲ. ಇಲ್ಲಿ ಫ್ಯಾಕ್ಟ್ರಿ ಬರೋದೇ ಇಲ್ಲ.

ಮನೆ 7, ಬೆಳಿಗ್ಗೆ 8:21
ಇದು ಮಿಲಿಟರಿ ಏರ್‌ಫೀಲ್ಡ್. ತರಬೇತಿ ವಿಮಾನಗಳು ದಿನಾ ಸುತ್ತು ಹೊಡೆಯುತ್ತವೆ. 1996ರಿಂದ ಏರೋ ಇಂಡಿಯಾ ಇಲ್ಲೇ ನಡೆಯುತ್ತಿದೆ. ಸುಮ್ನೆ ಯಾರೋ ಬಂದು ಚಿಮಣಿ ಎತ್ತೋಕೆ ಆಗಲ್ಲ.

ಮನೆ 7, ಬೆಳಿಗ್ಗೆ 8:23
ವಾಯುಪಡೆಯಲ್ಲಿ ಸರ್ವೀಸ್ ಮಾಡಿದವನು ಹೇಳುತ್ತಿದ್ದೇನೆ. 2015ರ ಎತ್ತರ ನಿರ್ಬಂಧದ ನಿಯಮ ಓದಿ. 20 ಕಿಲೋಮೀಟರ್ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಇದೆ. ಮಿಲಿಟರಿ ಏರ್‌ಫೀಲ್ಡ್ ಆದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡೋದು ನಮ್ಮವರೇ. ಜೊತೆಗೆ ರಕ್ಷಣಾ ನೆಲೆಗಳ ಪಕ್ಕ ಕಟ್ಟಡ ಕಟ್ಟೋದಕ್ಕೆ ತಡೆ ಹಾಕೋ 1903ರ ವರ್ಕ್ಸ್ ಆಫ್ ಡಿಫೆನ್ಸ್ ಕಾಯ್ದೆ. ಬ್ರಿಟಿಷರ ಕಾಲದ್ದು, ಇನ್ನೂ ಗಟ್ಟಿಯಾಗಿದೆ.

ಮನೆ 18 ಮಹಡಿ, ಬೆಳಿಗ್ಗೆ 8:31
ಅಂಕಲ್, ನೀವು ಹೇಳಿದ್ದೆಲ್ಲ ಇದೆ, ಸುಳ್ಳಲ್ಲ. ಆದರೆ ಅದು ಎತ್ತರದ ಮಾತು. ತಗಡಿನ ಶೆಡ್‌ಗೆ ಎತ್ತರ ಬೇಕಿಲ್ಲ, ಆ ಮಿತಿಯೊಳಗೇ ಕೂರುತ್ತದೆ. 1903ರ ಕಾಯ್ದೆ ವಾಯುನೆಲೆ ಕಾಂಪೌಂಡಿಗೆ ಹತ್ತಿರದ ಜಾಗಕ್ಕೆ, ನಮ್ಮ ತೋಪಿನವರೆಗೂ ಬರುವುದಿಲ್ಲ. ಜಮೀನು ಯಾವ ವಲಯ ಅಂತ ತೀರ್ಮಾನಿಸೋದು ವಾಯುಪಡೆ ಅಲ್ಲ. ಅವರು ನಮ್ಮನ್ನು ಕಾಯುತ್ತಾರೆ ಅಂತ ಕೂತರೆ ಕೆಟ್ಟೆವು.

ಮನೆ 7, ಬೆಳಿಗ್ಗೆ 8:32
ಪುಸ್ತಕದಲ್ಲಿ ಓದೋದು ಬೇರೆಮ್ಮ, ಗ್ರೌಂಡ್ ಬೇರೆ.

ಮನೆ 3, ಬೆಳಿಗ್ಗೆ 8:50
ಫ್ಯಾಕ್ಟ್ರಿ ಬಂದರೆ ಏನು ತೊಂದರೆ? ಬಾಡಿಗೆ ಜಾಸ್ತಿ ಆಗುತ್ತೆ. ವಿಮಾನದ ಬಿಡಿಭಾಗ ಮಾಡೋ ಕಂಪನಿ ಅಂತ ಕೇಳಿದೆ. ಕ್ಲೀನ್ ಇಂಡಸ್ಟ್ರಿ.

ಮನೆ 18 ಮಹಡಿ, ಬೆಳಿಗ್ಗೆ 9:02
ಯಾವ ಕಂಪನಿ ಅಂತ ನೋಟಿಸಿನಲ್ಲಿ ಇಲ್ಲ ಸಾರ್. 'ಕೈಗಾರಿಕೆ' ಅಂತ ಮಾತ್ರ ಇದೆ. ಬಿಡಿಭಾಗ ಅಂದ ತಕ್ಷಣ ಕ್ಲೀನ್ ಅಂತಲೂ ಅಲ್ಲ. ಒಳಗೆ ಎಲೆಕ್ಟ್ರೋಪ್ಲೇಟಿಂಗ್ ಇದ್ದರೆ ಮಾಲಿನ್ಯ ಮಂಡಳಿ ಲೆಕ್ಕದಲ್ಲಿ ಅದು ಕೆಂಪು ವರ್ಗ, ಅಂದರೆ ಅತಿ ಹೆಚ್ಚು ಮಾಲಿನ್ಯ ಮಾಡುವ ಪಟ್ಟಿ.

ಮತ್ತೆ ಸದ್ದಿನ ವಿಷಯ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಕೈಗಾರಿಕಾ ಪ್ರದೇಶಕ್ಕೆ 75, ರಾತ್ರಿ 70. ಈಗ ಅಕ್ಕ ರಾತ್ರಿ ಫೋನ್ ಮಾಡಿದರೆ ಅವರದು ತಪ್ಪು ಅನ್ನೋದಕ್ಕೆ ಆಧಾರ ಇದೆ. ವಲಯ ಬದಲಾದ ಮೇಲೆ ಗೋಡೆಯಾಚೆ 70ಕ್ಕೂ ಲೈಸೆನ್ಸ್ ಸಿಕ್ಕ ಹಾಗೆ. ನಡುವೆ ಇರೋದು ಒಂದು ಹುಣಸೆ ತೋಪು.

ಮನೆ 31, ಬೆಳಿಗ್ಗೆ 9:05
ಇದನ್ನು ಎಲ್ಲರೂ ಎರಡು ಸಲ ಓದಿ.

ಮನೆ 26, ಬೆಳಿಗ್ಗೆ 9:06
(ಫಾರ್ವರ್ಡ್) ಮನೆಯಲ್ಲಿ ಈ ಮೂರು ಗಿಡ ಇದ್ದರೆ ಮಾಲಿನ್ಯ ಹತ್ತಿರ ಸುಳಿಯುವುದಿಲ್ಲ.

ಮನೆ 15, ಬೆಳಿಗ್ಗೆ 9:20
ಆ ಜಮೀನು ಯಾರದು ಅಂತ ಯಾರೂ ಹೇಳುತ್ತಿಲ್ಲವಲ್ಲ. ಗುಂಪಿನಲ್ಲೇ ಇದ್ದಾರೆ.

ಮನೆ 44, ಬೆಳಿಗ್ಗೆ 9:41
ಸುತ್ತಿ ಬಳಸಿ ಯಾಕೆ ಮೇಡಂ, ನೇರವಾಗಿ ಕೇಳಿ. ಅದರಲ್ಲಿ ಎರಡು ಎಕರೆ ನಮ್ಮ ದೊಡ್ಡಪ್ಪನ ಮಕ್ಕಳದು. ಟಿಪ್ಪರ್ ನಮ್ಮದಲ್ಲ, ಪಕ್ಕದ ಜಮೀನು ಕೊಂಡವರದು. ಒಂದು ಮಾತು ಹೇಳಲಾ? ನೀವೆಲ್ಲ ಕೂತಿರೋ ಈ ಲೇಔಟ್ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲ. ಆಗ ವಲಯ ಬದಲಾಗಿದ್ದು ನಿಮಗೆ ಚೆನ್ನಾಗಿತ್ತು. ಈಗ ನಮಗೆ ಬದಲಾಗುವ ಹೊತ್ತಿಗೆ ಎಲ್ಲರಿಗೂ ಪರಿಸರ ನೆನಪಾಯ್ತು.

ಮನೆ 15, ಬೆಳಿಗ್ಗೆ 9:44
ನಾವು ದುಡ್ಡು ಕೊಟ್ಟು ತಗೊಂಡಿದ್ದು, ಗೌಡ್ರೇ. ಪುಕ್ಕಟೆ ಬಂದು ಕೂತಿಲ್ಲ.

ಮನೆ 44, ಬೆಳಿಗ್ಗೆ 9:47
ನಾವೂ ದುಡ್ಡಿಗೇ ಮಾರಬೇಕು. ಕೃಷಿ ವಲಯ ಅಂತ ಇಟ್ಟರೆ ಅಲ್ಲಿ ಲೇಔಟೂ ಇಲ್ಲ, ಗೋಡೌನೂ ಇಲ್ಲ. ಬೋರ್‌ವೆಲ್ ಬತ್ತಿದೆ. ರಾಗಿ ಹಾಕಿದರೆ ನವಿಲು ತಿನ್ನುತ್ತೆ. ನೀವು ನೋಡೋಕೆ ಹಸಿರು ಬೇಕು ಅಂತ ನಾವು ಎಷ್ಟು ವರ್ಷ ಕಾಯಬೇಕು?

ಮನೆ 12, ಬೆಳಿಗ್ಗೆ 9:50
ಈ ಪ್ರಶ್ನೆಗೆ ನನ್ನ ಹತ್ತಿರ ಜೋಕ್ ಇಲ್ಲ.

ಮನೆ 31, ಬೆಳಿಗ್ಗೆ 9:52
ದೇವನಹಳ್ಳಿಯವರು ನಿಲ್ಲಿಸಲಿಲ್ಲವಾ? ಏರೋಸ್ಪೇಸ್ ಪಾರ್ಕ್ ಅಂತ ಹೇಳಿ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ತಗೊಳ್ಳೋಕೆ ಹೊರಟಿದ್ದರು. 2025ರ ಜುಲೈನಲ್ಲಿ ಕೈಬಿಟ್ಟರು.

ಮನೆ 44, ಬೆಳಿಗ್ಗೆ 9:58
ಅದನ್ನೂ ಇದನ್ನೂ ಸೇರಿಸಬೇಡಿ ತಾಯಿ. ಅಲ್ಲಿ ಕೆಐಎಡಿಬಿ (ಸರ್ಕಾರದ ಕೈಗಾರಿಕಾ ಪ್ರದೇಶ ಮಂಡಳಿ) ನೋಟಿಫಿಕೇಶನ್ ಹಾಕಿ ರೈತರ ಜಮೀನು ಕಿತ್ತುಕೊಳ್ಳೋಕೆ ಹೋಗಿದ್ದು. 13 ಹಳ್ಳಿಯವರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. ನಮ್ಮ ಸಂಬಂಧಿಕರೂ ಕೂತಿದ್ದರು, ಊಟ ತಗೊಂಡು ಹೋಗಿದ್ದೇನೆ. ಇಲ್ಲಿ ಜಮೀನಿನವರೇ ಬದಲಾವಣೆ ಕೇಳುತ್ತಿದ್ದಾರೆ. ಅವರು ಗೆದ್ದಿದ್ದು ಬಿಸಿಲಲ್ಲಿ ಕೂತು, ಮೊಬೈಲ್ ಒತ್ತಿ ಅಲ್ಲ.

ಮನೆ 3, ಬೆಳಿಗ್ಗೆ 10:01
ಹಳೇ ಕಾರ್ಯದರ್ಶಿ ಏನೋ ಸೈನ್ ಹಾಕಿಕೊಟ್ಟಿದ್ದಾರೆ ಅಂತ ಸುದ್ದಿ ಇದೆಯಲ್ಲ, ಅದೇನು?

ಮನೆ 9, ಬೆಳಿಗ್ಗೆ 10:03
ಹಳೇ ಕಾರ್ಯದರ್ಶಿ ನಾನೇ. ನಾನು ಸೈನ್ ಹಾಕಿದ್ದು ರಸ್ತೆ ಅಗಲ ಮಾಡಿ ಅನ್ನೋ ಪತ್ರಕ್ಕೆ. ಆವತ್ತು ನೀವೇ ಚಪ್ಪಾಳೆ ತಟ್ಟಿದ್ದು.

ಮನೆ 3, ಬೆಳಿಗ್ಗೆ 10:04
ಅಗಲ ಆದ ರಸ್ತೆಯಲ್ಲೇ ತಾನೇ ಈಗ ಟಿಪ್ಪರ್ ಬರುತ್ತಿರೋದು?

ಮನೆ 9, ಬೆಳಿಗ್ಗೆ 10:04
(ಈ ಸಂದೇಶವನ್ನು ಅಳಿಸಲಾಗಿದೆ)

ಮನೆ 15, ಬೆಳಿಗ್ಗೆ 10:06
ಓದಿಬಿಟ್ಟೆ. ಹೆಣ್ಣುಮಕ್ಕಳು ಇರುವ ಗುಂಪು ಇದು.

ಕಾರ್ಯದರ್ಶಿ, ಬೆಳಿಗ್ಗೆ 10:10
ವೈಯಕ್ತಿಕ ಮಾತು ಬೇಡ. ಯಾರಾದರೂ ಕಾರ್ಪೊರೇಟರ್ ಜೊತೆ ಮಾತಾಡುತ್ತೀರಾ?

ಮನೆ 12, ಬೆಳಿಗ್ಗೆ 10:11
ಯಾವ ಕಾರ್ಪೊರೇಟರ್ ಸಾರ್? ಅವರ ಅವಧಿ 2020ರಲ್ಲೇ ಮುಗಿದಿದೆ.

ಮನೆ 18 ಮಹಡಿ, ಮಧ್ಯಾಹ್ನ 1:30
ಆಕ್ಷೇಪಣೆ ಪತ್ರ ಬರೆದು ಹಾಕಿದ್ದೇನೆ, ಎರಡು ಪುಟ. ಗೌಡ್ರು ಹೇಳಿದ್ದು ನ್ಯಾಯ, ಅದಕ್ಕೇ 'ಬದಲಾವಣೆಯೇ ಬೇಡ' ಅಂತ ಬರೆದಿಲ್ಲ. ಕೇಳಿರೋದು ಇಷ್ಟು: ಯಾವ ಕೈಗಾರಿಕೆ ಅಂತ ಮೊದಲು ಹೇಳಲಿ, ಕೆಂಪು ವರ್ಗ ಬೇಡ. ತೋಪನ್ನು ಹಾಗೇ ಬಿಟ್ಟು ನಡುವೆ ಜಾಗ ಬಿಡಲಿ. ಲಾರಿಗಳಿಗೆ ದೊಡ್ಡಬಳ್ಳಾಪುರ ರಸ್ತೆ ಕಡೆಯಿಂದಲೇ ದಾರಿ ಮಾಡಲಿ. ಒಪ್ಪಿಗೆಗೆ ಮೊದಲೇ ಮಣ್ಣು ತುಂಬಿದ್ದನ್ನು ಬಂದು ನೋಡಲಿ. ಸಹಿ ಹಾಕುವವರು ಖಾತಾ ಅಥವಾ ಕರೆಂಟ್ ಬಿಲ್ ಝೆರಾಕ್ಸ್ ಕೊಡಿ. ಒಂದೇ ಪತ್ರಕ್ಕೆ ಎಲ್ಲರ ಸಹಿಗಿಂತ ಮನೆಗೊಂದು ಪತ್ರ ಆದರೆ ಇನ್ನೂ ಒಳ್ಳೆಯದು.

ಮನೆ 44, ಮಧ್ಯಾಹ್ನ 1:52
ಇಷ್ಟೇ ಆದರೆ ನನ್ನದೂ ತಕರಾರಿಲ್ಲ. ಲಾರಿ ದಾರಿ ವಿಷಯಕ್ಕೆ ನಾನೂ ಸಹಿ ಹಾಕುತ್ತೇನೆ.

ಮನೆ 31, ಮಧ್ಯಾಹ್ನ 1:53
ನಮ್ಮದು ಹಾಕಿ. ಅತ್ತೆಯದು ಬೇರೆ, ನನ್ನದು ಬೇರೆ.

ಮನೆ 7, ಮಧ್ಯಾಹ್ನ 2:05
ಪತ್ರದಲ್ಲಿ ಮುಖ್ಯ ಪಾಯಿಂಟೇ ಇಲ್ಲ. ಬರ್ಡ್ ಹಿಟ್.

ಮನೆ 7, ಮಧ್ಯಾಹ್ನ 2:06
ಕಾರ್ಖಾನೆ ಬಂದರೆ ಕ್ಯಾಂಟೀನ್ ಬರುತ್ತೆ. ಕ್ಯಾಂಟೀನ್ ಬಂದರೆ ಎಂಜಲು. ಎಂಜಲಿಗೆ ಹದ್ದು. ಎಂಜಿನ್ನಿಗೆ ಒಂದು ಹದ್ದು ಹೋದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮಾವಳ್ಳಿಪುರದ ಕಸದ ಗುಡ್ಡ ನೆನಪಿದೆಯಾ? ಅಲ್ಲಿಯ ಹದ್ದುಗಳ ಬಗ್ಗೆ ವಾಯುಪಡೆ ತಕರಾರು ಎತ್ತಿತ್ತು. 2012ರಲ್ಲಿ ಅಲ್ಲಿ ಕಸ ಸುರಿಯೋದು ನಿಂತಿತು.

ಮನೆ 7, ಮಧ್ಯಾಹ್ನ 2:08
1937ರ ವಿಮಾನ ನಿಯಮ, ನಂಬರ್ 91. ಏರೋಡ್ರೋಮ್‌ನ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿದು ಹೊರಗೆ ಎಸೆಯೋ ಹಾಗಿಲ್ಲ, ಹಕ್ಕಿ ಬರುವಂಥ ಕಸ ಹಾಕೋ ಹಾಗಿಲ್ಲ. 2025ರ ಏರ್ ಶೋಗೆ 13 ಕಿಲೋಮೀಟರ್ ಸುತ್ತ ಮಾಂಸ ಮಾರಾಟವೇ ಬಂದ್ ಮಾಡಿದ್ದರಲ್ಲ, ಯಾಕೆ ಅಂದುಕೊಂಡಿರಿ?

ಮನೆ 12, ಮಧ್ಯಾಹ್ನ 2:10
ಜನವರಿ 23ರಿಂದ ಫೆಬ್ರವರಿ 17. ಮರೆಯೋಕೆ ಆಗುತ್ತಾ ಸಾರ್. ಮನೆಗೆ ಬಂದ ಬೀಗರಿಗೆ ಹೀರೇಕಾಯಿ ಬಡಿಸಿದ್ದೆ.

ಮನೆ 15, ಮಧ್ಯಾಹ್ನ 2:15
ಹದ್ದು ಅಂದಿರಲ್ಲ, ಫ್ಯಾಕ್ಟ್ರಿ ಕ್ಯಾಂಟೀನಿನವರೆಗೂ ಯಾಕೆ ಹೋಗುತ್ತೀರಿ? ನಾಲ್ಕನೇ ಕ್ರಾಸ್ ಖಾಲಿ ಸೈಟಿಗೆ ಬನ್ನಿ. ರಾತ್ರಿ ಯಾರೋ ಬೈಕಿನಲ್ಲಿ ಬಂದು ಕೋಳಿ ಪುಕ್ಕ, ಕರುಳು ಎಲ್ಲ ನೀಲಿ ಕವರಿನಲ್ಲಿ ಕಟ್ಟಿ ಎಸೆದು ಹೋಗುತ್ತಾರೆ. ನಾಯಿ ಎಳೆದಾಡಿ ನಮ್ಮ ಗೇಟಿನ ಮುಂದೆ ತಂದು ಬಿಡುತ್ತೆ. ಬೆಳಿಗ್ಗೆ ರಂಗೋಲಿ ಹಾಕೋಕೆ ಬಂದರೆ ಕೋಳಿ ಕಾಲು.

ಮನೆ 22, ಮಧ್ಯಾಹ್ನ 2:17
ನಮ್ಮ ಮನೆ ನೀರಿನ ಟ್ಯಾಂಕ್ ಮೇಲೆ ಹದ್ದು ಮೂಳೆ ಬೀಳಿಸಿತ್ತು. ಫೋಟೋ ಇದೆ.

ಮನೆ 3, ಮಧ್ಯಾಹ್ನ 2:18
ನಾಯಿಗಳಿಗೆ ಅನ್ನ ಹಾಕೋರು ಯಾರು ಅಂತ ಮೊದಲು ಹೇಳಿ.

ಮನೆ 22, ಮಧ್ಯಾಹ್ನ 2:19
ನಾನೇ ಹಾಕೋದು. ಏನೀಗ?

ಮನೆ 7, ಮಧ್ಯಾಹ್ನ 2:25
ನೋಡಿ, ಇದನ್ನು ಹಿಡಿದುಕೊಳ್ಳಿ. ಖಾಲಿ ಸೈಟಿನ ಕೋಳಿ ಕಸ ಅಂತ ನಾನು ಏರ್‌ಫೋರ್ಸ್ ಸ್ಟೇಷನ್‌ಗೆ ಒಂದು ಪತ್ರ ಬರೆದರೆ ನಾಳೆಯೇ ಜನ ಬರುತ್ತಾರೆ. ಕಸ ನಿಂತರೆ ಹದ್ದು ನಿಲ್ಲುತ್ತೆ. ಆಮೇಲೆ ಕಾರ್ಖಾನೆ ವಿಷಯ ತಾನಾಗೇ ಬರುತ್ತೆ.

ಮನೆ 18 ಮಹಡಿ, ಮಧ್ಯಾಹ್ನ 2:27
ಅಂಕಲ್, ಕಸಕ್ಕೆ ಕೊನೆ ದಿನ ಅಂತ ಇಲ್ಲ. ನೋಟಿಸಿಗೆ ಇದೆ.

ಕಾರ್ಯದರ್ಶಿ, ಮಧ್ಯಾಹ್ನ 2:40
ಎರಡೂ ಮಾಡೋಣ. ಮೊದಲು ಸುಲಭದ್ದು. ಖಾಲಿ ಸೈಟಿನ ಮೂಲೆಗೆ ಒಂದು ಸಿಸಿ ಕ್ಯಾಮೆರಾ ಹಾಕಿಸೋಣ. ಒಪ್ಪುವವರು ಕೆಳಗೆ ಹೆಸರು ಸೇರಿಸಿ.

ಮನೆ 15, ಮಧ್ಯಾಹ್ನ 2:40
ಒಪ್ಪಿಗೆ.

ಮನೆ 22, ಮಧ್ಯಾಹ್ನ 2:41
ಒಪ್ಪಿಗೆ. ಕ್ಯಾಮೆರಾ ನಾಯಿಗಳ ಕಡೆ ತಿರುಗಿಸಬಾರದು.

ಮನೆ 3, ಮಧ್ಯಾಹ್ನ 2:41
ಒಪ್ಪಿಗೆ. ನಾಯಿಗಳ ಕಡೆಯೇ ತಿರುಗಿಸಬೇಕು.

ಮನೆ 9, ಮಧ್ಯಾಹ್ನ 2:43
ಒಪ್ಪಿಗೆ. ಈ ಸಲ ಸೈನ್ ಬೇರೆಯವರು ಹಾಕಲಿ.

ಮನೆ 18 ಮಹಡಿ, ಸಂಜೆ 6:10
ನಾಲ್ಕು ಮನೆಯವರು ಝೆರಾಕ್ಸ್ ಕೊಟ್ಟಿದ್ದಾರೆ. ಗುರುವಾರ ಬೆಳಿಗ್ಗೆ 11ಕ್ಕೆ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುತ್ತೇನೆ. ಜೊತೆಗೆ ಬರುವವರು ಹೇಳಿ.

ಮನೆ 26, ಸಂಜೆ 6:30
(ಫಾರ್ವರ್ಡ್) ಸಿಸಿ ಕ್ಯಾಮೆರಾ ಕೊಳ್ಳುವ ಮುನ್ನ ಈ ವಿಡಿಯೋ ತಪ್ಪದೇ ನೋಡಿ.

ಮನೆ 12, ಸಂಜೆ 6:33
ಮೇಷ್ಟ್ರು ಇವತ್ತು ಮೊದಲ ಸಲ ವಿಷಯಕ್ಕೆ ಬಂದಿದ್ದಾರೆ.

ಕಾರ್ಯದರ್ಶಿ, ಸಂಜೆ 7:05
ಕ್ಯಾಮೆರಾಗೆ ಮನೆಗೆ 200 ರೂಪಾಯಿ. ಗೂಗಲ್ ಪೇ ಮಾಡಿ ಇಲ್ಲಿ ಸ್ಕ್ರೀನ್‌ಶಾಟ್ ಹಾಕಿ. ಬಾಡಿಗೆಯವರೂ ಕೊಡಬೇಕು.

ಮನೆ 3, ಸಂಜೆ 7:09
ಖಾಲಿ ಸೈಟಿನವರೂ ಕೊಡಬೇಕಾ? ನನ್ನದು ಅಲ್ಲಿ ಬರೀ ಸೈಟ್ ಇರೋದು.

ಮನೆ 15, ಸಂಜೆ 7:10
ಓ! ಆ ಸೈಟ್ ನಿಮ್ಮದಾ?