ಜೆಟ್ ಸ್ಕೀ ಕೊಳ್ಳಲೇಬೇಕೆನ್ನುವ ಪತಿ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನಾವು ಅಮೆರಿಕದ ಮಿಷಿಗನ್ ರಾಜ್ಯದ ನೋವೈ ಊರಿನಲ್ಲಿ ನೆಲೆಸಿರುವ ಕನ್ನಡ ಕುಟುಂಬ. ನನ್ನ ಪತಿ ಸಹೋದ್ಯೋಗಿಯೊಬ್ಬರ ಜೆಟ್ ಸ್ಕೀ (ನೀರಿನ ಮೇಲೆ ಓಡುವ, ಸ್ಕೂಟರಿನಂತೆ ಕೂರುವ ಗಾಡಿ) ಓಡಿಸಿ ಬಂದಂದಿನಿಂದ ತಮಗೂ ಒಂದು ಬೇಕೆಂದು ಪಟ್ಟು ಹಿಡಿದಿದ್ದಾರೆ. 300 ಅಶ್ವಶಕ್ತಿಯ, ಮೂವರು ಕೂರುವ ಹೊಸ ಗಾಡಿಯನ್ನು ಅಂಗಡಿಗೆ ಹೋಗಿ ನೋಡಿಯೂ ಬಂದಿದ್ದಾರೆ. ಹದಿನೈದು ವರ್ಷದ ಮಗ ತಂದೆಯ ಪಕ್ಷ. ನಮ್ಮ ಮನೆ ಕೆರೆಯ ದಂಡೆಯ ಮೇಲಿಲ್ಲ, ನನಗೆ ಈಜು ಬಾರದು, ಮಗಳ ಕಾಲೇಜಿನ ಖರ್ಚು ಎದುರಿಗೇ ಇದೆ. ಬೇಡವೆಂದರೆ, ವರ್ಷವಿಡೀ ದುಡಿಯುವವನಿಗೆ ಒಂದು ಖುಷಿಯೂ ಬೇಡವೇ ಎಂದು ಮುನಿಸಿಕೊಳ್ಳುತ್ತಾರೆ. ಒಪ್ಪಲೇ, ತಡೆಯಲೇ?

*

ಸೋದರಿ, ಡೆಟ್ರಾಯಿಟ್ ಬಳಿಯ ಸೇಂಟ್ ಕ್ಲೇರ್ ಸರೋವರದ ಹತ್ತಿರ ವಾಸವಾಗಿದ್ದು, ಹಲವು ವರ್ಷಗಳಿಂದ ಜೆಟ್ ಸ್ಕೀ ಇಟ್ಟುಕೊಂಡಿರುವವನಾದ್ದರಿಂದ ಮೊದಲಿಗೆ ನಿಮ್ಮ ಪತಿಯ ಪರವಾಗಿಯೇ ಮಾತನಾಡುತ್ತೇನೆ. ಜುಲೈ ತಿಂಗಳಲ್ಲಿ, ಗಾಳಿ ಏಳುವ ಮುನ್ನ ನೀರಿಗಿಳಿದು ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿ) ಒತ್ತಿದರೆ ಗಾಡಿಯ ಮೂತಿ ಒಮ್ಮೆ ಮೇಲೆದ್ದು, ಮರುಕ್ಷಣ ಸಮಕ್ಕೆ ಬಂದು, ಅದು ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆಯೇ ಜಾರತೊಡಗುತ್ತದೆ. ಆ ಹೊತ್ತಿನ ಸುಖ ಕಾರಿನಲ್ಲೂ ಇಲ್ಲ, ಮೋಟರ್ ಬೈಕಿನಲ್ಲೂ ಇಲ್ಲ. ದೊಡ್ಡ ದೋಣಿಯಾದರೆ ಇಳಿಸುವುದಕ್ಕೆ ಜೊತೆಗೊಬ್ಬರು, ಎಳೆಯುವುದಕ್ಕೆ ಭಾರಿ ಟ್ರಕ್ಕು, ನಿಲ್ಲಿಸುವುದಕ್ಕೆ ಬಾಡಿಗೆಯ ಜಾಗ ಬೇಕಾಗುತ್ತದೆ. ಇದನ್ನಾದರೆ ಸಾಧಾರಣ ಎಸ್‌ಯುವಿಗೆ ಕಟ್ಟಿಕೊಂಡು ಹೋಗಿ ಒಬ್ಬರೇ ಇಳಿಸಬಹುದು, ಮನೆಯ ಗ್ಯಾರೇಜಿನಲ್ಲೇ ಇಡಬಹುದು. ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಫೋನನ್ನು ಡಬ್ಬಿಯೊಳಗೆ ಹಾಕಿಟ್ಟು ನೀರಿನ ಮೇಲೆ ಕಳೆಯುವ ಬೆಳಗು ನಿಜವಾದ ಬಿಡುವು. ಆದ್ದರಿಂದ ಅವರ ಆಸೆಯನ್ನು ಬರಿಯ ಹಟವೆಂದು ತಳ್ಳಿಹಾಕಬೇಡಿ.

ಇನ್ನು ಅಂಗಡಿಯವರು ಹೇಳದೆ ಬಿಡುವ ಸಂಗತಿಗಳು. ಈ ಗಾಡಿಗೆ ಹೊರಗೆ ಕಾಣುವ ಪಂಖವಿಲ್ಲ. ಅಡಿಯಲ್ಲಿರುವ ಜಾಲರಿಯ ಮೂಲಕ ನೀರನ್ನು ಹೀರಿ, ಒಳಗೆ ತಿರುಗುವ ಇಂಪೆಲ್ಲರ್ ಎಂಬ ರೆಕ್ಕೆಗಳ ಚಕ್ರ ಅದನ್ನು ಹಿಂದಿನ ಕೊಳವೆಯಿಂದ ರಭಸವಾಗಿ ಉಗುಳುವುದರಿಂದಲೇ ಅದು ಮುಂದಕ್ಕೆ ಹೋಗುತ್ತದೆ. ನೀರಿನೊಂದಿಗೆ ಜೊಂಡನ್ನೂ, ಹಗ್ಗದ ತುಂಡನ್ನೂ, ಆಳವಿಲ್ಲದ ಕಡೆ ಮರಳು ಬೆಣಚುಕಲ್ಲುಗಳನ್ನೂ ಹೀರುತ್ತದೆ. ಕನಿಷ್ಠ ಮೂರು ಅಡಿ ನೀರಿರದ ಜಾಗದಲ್ಲಿ ಎಂಜಿನ್ ಚಾಲೂ ಮಾಡಬಾರದೆನ್ನುವುದು ಇದಕ್ಕಾಗಿಯೇ. ಸೇಂಟ್ ಕ್ಲೇರ್ ಸರೋವರದ ಸರಾಸರಿ ಆಳ ಸುಮಾರು 11 ಅಡಿ ಮಾತ್ರ. ಬೇಸಿಗೆಯ ನಡುವಿಗೆ ಅಲ್ಲಲ್ಲಿ ಜೊಂಡು ಮೇಲ್ಮಟ್ಟದವರೆಗೂ ಬೆಳೆದು ನಿಂತಿರುತ್ತದೆ. ಅದು ಜಾಲರಿಗೆ ಸಿಕ್ಕಿಕೊಂಡಾಗ ಎಂಜಿನ್ ಅರಚುತ್ತದೆಯೇ ಹೊರತು ಗಾಡಿ ಮುಂದೆ ಸರಿಯುವುದಿಲ್ಲ. ಆಗ ಎಂಜಿನ್ ಆರಿಸಿ, ಕೀಲಿ ಕಳಚಿ, ನೀರಿಗಿಳಿದು, ಗಾಡಿಯ ಹೊಟ್ಟೆಯ ಕೆಳಗೆ ಕೈ ಹಾಕಿ ಎಳೆಎಳೆಯಾಗಿ ಕೀಳಬೇಕು. ತೊಟ್ಟ ಲೈಫ್ ಜಾಕೆಟ್ಟು ನಮ್ಮನ್ನು ಮೇಲಕ್ಕೇ ತಳ್ಳುತ್ತಿರುವುದರಿಂದ ಕೈ ಅಲ್ಲಿಗೆ ತಲುಪುವುದೇ ಒಂದು ಸಾಹಸ. ಆಳ ಕಡಿಮೆಯಾದ್ದರಿಂದ ಸ್ವಲ್ಪ ಗಾಳಿ ಬೀಸಿದರೂ ಈ ಸರೋವರದಲ್ಲಿ ಗಿಡ್ಡನೆಯ, ಒತ್ತೊತ್ತಾದ ಅಲೆಗಳೇಳುತ್ತವೆ. ನಲವತ್ತು ದಾಟಿದವರ ಸೊಂಟಕ್ಕೆ ಅದರ ಲೆಕ್ಕ ಮರುದಿನ ಬೆಳಗ್ಗೆ ಸಿಗುತ್ತದೆ.

ನಿಮ್ಮ ಮನೆ ದಂಡೆಯ ಮೇಲಿಲ್ಲ ಎಂಬ ಮಾತನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪ್ರತಿ ಸಲವೂ ಟ್ರೇಲರ್ ಕಟ್ಟಬೇಕು, ಶನಿವಾರದ ಸರದಿಯಲ್ಲಿ ಕಾಯಬೇಕು, ಇಳಿಸಬೇಕು, ಮತ್ತೆ ಏರಿಸಬೇಕು. 1988ರಲ್ಲಿ ಇದೇ ಸರೋವರದಲ್ಲಿ ಕಂಡುಬಂದ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಮುಂದೆ ನೂರಾರು ಕೆರೆಗಳಿಗೆ ಹರಡಿತು. ಅಂಥ ಹಾವಳಿಗಳನ್ನು ತಡೆಯಲೆಂದು 2019ರಿಂದ ಮಿಷಿಗನ್ನಿನಲ್ಲಿ ಗಾಡಿಗೆ ಅಂಟಿದ ಜೊಂಡನ್ನೆಲ್ಲ ತೆಗೆದು, ನೀರು ಬಸಿದು, ತಳದ ಬಿರಡೆಗಳನ್ನು ಕಳಚಿಯೇ ರಸ್ತೆಗಿಳಿಯಬೇಕೆಂಬ ಕಾನೂನಿದೆ. ಕಳಚಿದ ಬಿರಡೆಗಳನ್ನು ಮುಂದಿನ ಸಲ ತಿರುಗಿಸಿ ಬಿಗಿಯುವುದನ್ನು ಮರೆತು, ಇಳಿಸಿದ ಜಾಗದಲ್ಲೇ ಗಾಡಿಗೆ ನೀರು ತುಂಬಿಸಿಕೊಂಡು ಪೇಚಾಡುವವರು ಪ್ರತಿ ಬೇಸಿಗೆಯಲ್ಲೂ ಕಣ್ಣಿಗೆ ಬೀಳುತ್ತಾರೆ.

ಋತುವೋ, ಮೇ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಎಂದಿಟ್ಟುಕೊಳ್ಳಿ. ಅದು ಮುಗಿದ ಮೇಲೆ ಒಳಗಿನ ನೀರನ್ನೆಲ್ಲ ಹೊರಹಾಕಿ, ಅಗತ್ಯವಿರುವ ಮಾದರಿಗಳಿಗೆ ಹೆಪ್ಪುಗಟ್ಟದ ದ್ರವ ತುಂಬಿ, ಪೆಟ್ರೋಲಿಗೆ ಕೆಡದಂತೆ ಕಾಯುವ ರಾಸಾಯನಿಕ ಬೆರೆಸಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಿಸಬೇಕು. ಇಲ್ಲಿನ ಚಳಿಗೆ ಒಳಗುಳಿದ ನೀರು ಹಿಗ್ಗಿ ಲೋಹವನ್ನೇ ಸೀಳುತ್ತದೆ. ಸ್ವತಃ ಮಾಡಿದರೆ ಒಂದು ಮಧ್ಯಾಹ್ನದ ಕೆಲಸ, ಮಾಡಿಸಿದರೆ ವರ್ಷವರ್ಷವೂ ನೂರಾರು ಡಾಲರು.

ಕೊನೆಯದಾಗಿ, 300 ಅಶ್ವಶಕ್ತಿ ಯಾಕೆ? ಆ ವರ್ಗದ ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವ ಸಾಧನ) ಇರುವ ಎಂಜಿನ್ನಿಗೆ ದುಬಾರಿ ದರ್ಜೆಯ ಪೆಟ್ರೋಲೇ ಬೇಕು; ಥ್ರಾಟಲನ್ನು ಪೂರ್ತಿ ಒತ್ತಿ ಹಿಡಿದರೆ 18 ಗ್ಯಾಲನ್ನಿನ ಟ್ಯಾಂಕು ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಬರಿದಾಗುತ್ತದೆ. ಸೀ-ಡೂ ಕಂಪನಿಯ ಸ್ಪಾರ್ಕ್ ಮಾದರಿಯಂಥ 60 ಅಥವಾ 90 ಅಶ್ವಶಕ್ತಿಯ ಹಗುರ ಗಾಡಿ ಹೊಸಬರಿಗೆ ಸಾಕಷ್ಟಾಯಿತು. ಎರಡು ಮೂರು ಚಳಿಗಾಲವನ್ನು ಸರಿಯಾಗಿ ಕಳೆದ, ನಿರ್ವಹಣೆಯ ರಸೀದಿಗಳಿರುವ ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ದರದ ಚೀಟಿಯ ಮೊತ್ತಕ್ಕೆ ಟ್ರೇಲರ್, ನೋಂದಣಿ, ವಿಮೆ, ತೆರಿಗೆ, ಮೂವರಿಗೂ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ಟು, ಇವೆಲ್ಲವನ್ನೂ ಕೂಡಿಸಿದ ಕಾಗದವೊಂದನ್ನು ಅವರ ಕೈಯಿಂದಲೇ ಬರೆಸಿ. ಅದನ್ನು ಬರೆದ ಮೇಲೂ ಅವರಿಗೆ ಬೇಕೆನಿಸಿದರೆ ಒಪ್ಪಿಕೊಳ್ಳಿ.
— ಓದುಗರೊಬ್ಬರು, ಸೇಂಟ್ ಕ್ಲೇರ್ ಶೋರ್ಸ್

*

ನಾನೂ ಹದಿಹರೆಯದ ಮಗನ ತಾಯಿ. ಹಣದ ಮಾತನ್ನು ಬೇರೆಯವರು ಬರೆಯುತ್ತಾರೆಂದು ನಂಬಿ ಮಗನ ಮಾತನ್ನಷ್ಟೇ ಬರೆಯುತ್ತೇನೆ. ಮಿಷಿಗನ್ನಿನ ನಿಯಮದಂತೆ ಹದಿನಾಲ್ಕು ತುಂಬದವರು ಜೆಟ್ ಸ್ಕೀ ಓಡಿಸುವಂತೆಯೇ ಇಲ್ಲ. ಹದಿನಾಲ್ಕು ಹದಿನೈದರವರು ದೋಣಿ ಸುರಕ್ಷತೆಯ ಪ್ರಮಾಣಪತ್ರ ಪಡೆದಿರಬೇಕು, ಮತ್ತು ತಂದೆ ತಾಯಿಯರಲ್ಲೊಬ್ಬರು ಅಥವಾ ಅವರು ನೇಮಿಸಿದ, 21 ತುಂಬಿದ ವ್ಯಕ್ತಿ ಅದೇ ಗಾಡಿಯಲ್ಲಿರಬೇಕು, ಇಲ್ಲವೇ 100 ಅಡಿಯೊಳಗಿರಬೇಕು. ನಿಮ್ಮ ಪತಿ 1978ರ ಡಿಸೆಂಬರ್ 31ರ ನಂತರ ಹುಟ್ಟಿದವರಾದರೆ ಪ್ರಮಾಣಪತ್ರ ಅವರಿಗೂ ಕಡ್ಡಾಯ. ಖರೀದಿಗೆ ಮೊದಲೇ ತಂದೆ ಮಗ ಇಬ್ಬರೂ ಆ ತರಗತಿಯನ್ನು ಮುಗಿಸಲಿ ಎಂದು ಷರತ್ತು ಹಾಕಿ. ಆನ್‌ಲೈನಿನಲ್ಲೇ ಕಲಿತು ಪರೀಕ್ಷೆ ಬರೆಯಬಹುದು.

ಆ ತರಗತಿಯಲ್ಲಿ ಒತ್ತಿ ಹೇಳುವ ಒಂದು ಸಂಗತಿಯನ್ನು ನೀವೂ ತಿಳಿದಿರಬೇಕು. ಈ ಗಾಡಿ ತಿರುಗುವುದು ಹಿಂದಿನಿಂದ ಚಿಮ್ಮುವ ನೀರಿನ ಬಲದಿಂದ. ಎದುರಿಗೆ ದೋಣಿಯೋ ಕಟ್ಟೆಯೋ ಬಂದಾಗ ಹೊಸಬರು ಗಾಬರಿಯಲ್ಲಿ ಥ್ರಾಟಲ್ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾರೆ. ನೀರು ಚಿಮ್ಮುವುದು ನಿಂತ ಗಾಡಿ ಹ್ಯಾಂಡಲಿನ ಮಾತು ಕೇಳದೆ ಇದ್ದ ದಿಕ್ಕಿಗೇ ನುಗ್ಗುತ್ತದೆ. ಈಚಿನ ಮಾದರಿಗಳಲ್ಲಿ ಬ್ರೇಕಿನಂಥ ಏರ್ಪಾಡು ಮತ್ತು ಸ್ವಲ್ಪ ತಿರುಗಲು ನೆರವಾಗುವ ಏರ್ಪಾಡು ಬಂದಿವೆಯಾದರೂ ಅವನ್ನೇ ನೆಚ್ಚಿಕೊಳ್ಳಬಾರದು. ತಿರುಗಬೇಕಾದರೆ ಥ್ರಾಟಲ್ ಬೇಕು ಎಂಬುದು ತಲೆಗೆ ಬಂದರೆ ಸಾಲದು, ಕೈಗೆ ಬರಬೇಕು. ಖಾಲಿ ನೀರಿನಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದ ಮೇಲೆಯೇ ನನ್ನ ಮಗನನ್ನು ಬೇರೆ ದೋಣಿಗಳಿರುವ ಕಡೆಗೆ ಬಿಟ್ಟೆವು.

ಸುರುಳಿ ದಾರದ ಒಂದು ತುದಿ ಗಾಡಿಯಲ್ಲೂ ಮತ್ತೊಂದು ತುದಿ ಸವಾರನ ಮೈಮೇಲೂ ಇರಲೇಬೇಕು. ಅವನು ಬಿದ್ದೊಡನೆ ಎಂಜಿನ್ ನಿಲ್ಲುವುದು ಅದರಿಂದ. ಇನ್ನೊಂದು ಮಾತನ್ನು ಬರೆಯಲು ಸಂಕೋಚವಾದರೂ ಬರೆಯಲೇಬೇಕು. ಹಿಂಬದಿಯಿಂದ ಬಿದ್ದವರ ದೇಹದೊಳಕ್ಕೆ ಕೊಳವೆಯ ನೀರು ನುಗ್ಗಿ ಒಳಾಂಗಗಳಿಗೆ ತೀವ್ರ ಗಾಯವಾಗಬಲ್ಲದು, ಅದನ್ನು ಸಾಮಾನ್ಯ ಈಜುಡುಗೆ ತಡೆಯದು ಎಂದು ಗಾಡಿಯ ಮೇಲಿನ ಎಚ್ಚರಿಕೆಯ ಚೀಟಿಯಲ್ಲೇ ಅಚ್ಚಾಗಿರುತ್ತದೆ. ದಪ್ಪ ವೆಟ್‌ಸೂಟ್ (ರಬ್ಬರಿನಂಥ ಬಟ್ಟೆಯ ಈಜುಡುಗೆ) ಚಡ್ಡಿಯನ್ನು ಎಲ್ಲರಿಗೂ ಕೊಳ್ಳಿ, ವಿಶೇಷವಾಗಿ ಹಿಂದೆ ಕೂರುವ ಹೆಣ್ಣುಮಕ್ಕಳಿಗೆ.
— ಗೃಹಿಣಿ, ಆನ್ ಆರ್ಬರ್

*

ಪತ್ರ ಬರೆದ ಸೋದರಿಯವರು ತಡೆಯಬೇಕೆಂದೇ ನನ್ನ ಅಭಿಪ್ರಾಯ, ಕಾರಣ ಮಾತ್ರ ಬೇರೆ. ನಮ್ಮ ಮನೆ ಸಣ್ಣ ಕೆರೆಯೊಂದರ ದಂಡೆಯಲ್ಲಿದೆ. ದೋಣಿ ಸದ್ದು ಮಾಡಿದರೂ ಒಂದೇ ಶ್ರುತಿಯಲ್ಲಿ ಹಾದುಹೋಗುತ್ತದೆ. ಜೆಟ್ ಸ್ಕೀ ಅಲೆ ಹಾರಿದಾಗಲೆಲ್ಲ ಅದರ ಬಾಯಿಗೆ ನೀರಿನ ಬದಲು ಗಾಳಿ ಸಿಕ್ಕಿ ಎಂಜಿನ್ ಕಿರುಚುತ್ತದೆ, ಬಿದ್ದೊಡನೆ ಗುಟುರು ಹಾಕುತ್ತದೆ, ಮತ್ತು ಓಡಿಸುವವರು ಬಹುತೇಕ ಒಂದೇ ಜಾಗದಲ್ಲಿ ಸುತ್ತುತ್ತಾರೆ. ಹಳೆಯ ಟೂ-ಸ್ಟ್ರೋಕ್ ಗಾಡಿಗಳು ಉರಿಯದ ಪೆಟ್ರೋಲನ್ನೇ ನೀರಿಗೆ ಬಿಡುತ್ತಿದ್ದವು. ಈಗಿನ ಫೋರ್-ಸ್ಟ್ರೋಕ್ ಗಾಡಿಗಳು ಅದಕ್ಕಿಂತ ಬಹಳ ಉತ್ತಮವೆಂಬುದನ್ನು ಒಪ್ಪುತ್ತೇನೆ. ಆದರೂ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ಕೌಂಟಿ 1996ರಲ್ಲಿ ಇವನ್ನು ತನ್ನ ನೀರಿನಲ್ಲಿ ನಿಷೇಧಿಸಿದಾಗ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಸೂರ್ಯಾಸ್ತದಿಂದ ಬೆಳಗಿನ ಎಂಟರವರೆಗೆ ಓಡಿಸಬಾರದೆಂಬ ಕಟ್ಟಳೆಯಷ್ಟೇ ಇದೆ. ಎಂಟು ಗಂಟೆ ಹೊಡೆಯುವುದನ್ನೇ ಕಾದು ಕುಳಿತ ಪುಣ್ಯಾತ್ಮರೊಬ್ಬರು ನಮ್ಮ ಎದುರು ದಂಡೆಯಲ್ಲಿದ್ದಾರೆ. ಕೊಳ್ಳುವುದೇ ಆದರೆ ದೊಡ್ಡ ಸರೋವರಕ್ಕೆ ಒಯ್ಯಿರಿ, ದಂಡೆಯಿಂದ ದೂರ ಹೋಗಿ ಕುಣಿಯಿರಿ.
— ನಿವೃತ್ತ ಎಂಜಿನಿಯರ್, ಓಕ್ಲೆಂಡ್ ಕೌಂಟಿ

*

ಎರಡು ಮನೆಯವರು ಸೇರಿ ಒಂದು ಗಾಡಿ ಕೊಂಡರೆ ಖರ್ಚು ಅರ್ಧವಾಗುತ್ತದೆಂದು ಯಾರಾದರೂ ಸಲಹೆ ಕೊಟ್ಟಾರು. ನಮ್ಮ ಬಳಗದಲ್ಲಿ ಅದನ್ನು ಕಂಡಿದ್ದೇನೆ. ಬಿಸಿಲಿರುವ ಶನಿವಾರ ಇಬ್ಬರಿಗೂ ಬೇಕು, ಸೋಮವಾರ ಸವೆದ ಇಂಪೆಲ್ಲರ್ ಯಾರಿಗೂ ಬೇಡ. ಮನೆಯ ವಿಮೆ ಸಾಮಾನ್ಯವಾಗಿ ಇಂಥ ಗಾಡಿಯ ಅಪಘಾತವನ್ನು ಪೂರ್ತಿ ಹೊರುವುದಿಲ್ಲ. ಪ್ರತ್ಯೇಕ ವಿಮೆ ಮಾಡಿಸಿ, ಓಡಿಸುವವರೆಲ್ಲರ ಹೆಸರನ್ನೂ ಅದರಲ್ಲಿ ಬರೆಸಬೇಕು. ಸ್ನೇಹಿತರು ಒಂದು ಸುತ್ತು ಹೋಗಿಬರುತ್ತೇನೆಂದು ಕೀಲಿ ಕೇಳಿದಾಗ ಇಲ್ಲವೆನ್ನುವ ಗಟ್ಟಿತನ ನಿಮ್ಮ ಪತಿಗಿದೆಯೇ ಎಂಬುದನ್ನು ನೀವೇ ಬಲ್ಲಿರಿ. ಈ ಬೇಸಿಗೆ ಬಾಡಿಗೆಗೆ ತೆಗೆದು ಓಡಿಸಲಿ, ಬಾಡಿಗೆ ದುಬಾರಿಯೆಂದು ಗೊಣಗಿದರೂ ಪರವಾಗಿಲ್ಲ. ಆಗಸ್ಟಿನಲ್ಲೂ ಜೂನಿನ ಉತ್ಸಾಹವೇ ಉಳಿದಿದ್ದರೆ ಸೆಪ್ಟೆಂಬರಿನಲ್ಲಿ, ಮಾರುವವರು ಚಳಿಗಾಲದ ಖರ್ಚಿಗೆ ಹೆದರಿ ದರ ಇಳಿಸುವ ಹೊತ್ತಿಗೆ, ಕೊಂಡುಕೊಳ್ಳಿ.
— ಓದುಗರು, ಟ್ರಾಯ್

*

ನನ್ನ ಅಣ್ಣನ ಮಗ ಇಲ್ಲಿ ಮಲ್ಪೆಯ ಕಡಲತೀರದಲ್ಲಿ ಪ್ರವಾಸಿಗರನ್ನು ಜೆಟ್ ಸ್ಕೀಯಲ್ಲಿ ಸುತ್ತಾಡಿಸುವ ಕೆಲಸ ಮಾಡುತ್ತಾನೆ. ನಿಮ್ಮ ಪತ್ರವನ್ನು ಅವನಿಗೆ ಓದಿ ಹೇಳಿದೆ. ಉಪ್ಪುನೀರಿನಲ್ಲಿ ಓಡಿದ ಗಾಡಿಯ ಒಳಗನ್ನು ಅವನು ದಿನವೂ ಸಿಹಿನೀರು ಹಾಯಿಸಿ ತೊಳೆಯಬೇಕಾಗುತ್ತದೆ, ನಿಮಗೆ ಆ ಕಷ್ಟವಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: ಬಿದ್ದವರು ಮತ್ತೆ ಹತ್ತಬಲ್ಲರೇ? ಈಜು ಬಾರದವರನ್ನು ಲೈಫ್ ಜಾಕೆಟ್ಟು ತೇಲಿಸುತ್ತದೆ, ಗಾಡಿಗೆ ಹತ್ತಿಸುವುದಿಲ್ಲ. ಒದ್ದೆ ಬಟ್ಟೆಯ ಭಾರದಲ್ಲಿ ಹಿಂಬದಿಯಿಂದ ಮೈಯನ್ನು ಮೇಲಕ್ಕೆಳೆದುಕೊಳ್ಳಲು ತೋಳಿನಲ್ಲಿ ಬಲ ಬೇಕು. ಮಡಚುವ ಮೆಟ್ಟಿಲಿರುವ ಗಾಡಿಯನ್ನೇ ಆರಿಸಿ. ಮಗುಚಿದ ಗಾಡಿಯನ್ನು ಯಾವ ಕಡೆಗೆ ಉರುಳಿಸಿ ನೇರ ಮಾಡಬೇಕೆಂಬ ಬಾಣದ ಗುರುತು ಅದರ ಹಿಂಭಾಗದಲ್ಲಿ ಅಂಟಿಸಿರುತ್ತದೆ. ತಪ್ಪು ಕಡೆಗೆ ಉರುಳಿಸಿದರೆ ಎಂಜಿನ್ನಿಗೆ ನೀರು ನುಗ್ಗಬಹುದು. ಗಾಡಿ ಬಂದ ಮೊದಲ ದಿನ ಓಡಿಸುವುದಕ್ಕೂ ಮುಂಚೆ, ಎಂಜಿನ್ ಆರಿಸಿಟ್ಟು, ಎದೆಮಟ್ಟದ ನೀರಿನಲ್ಲಿ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಹತ್ತಿ ನೋಡಿ. ನಿಮಗೆ ಹತ್ತಲಾಗದಿದ್ದರೆ ನೀವು ದಡದಲ್ಲೇ ಇರುವುದು ಕ್ಷೇಮ.
— ಓದುಗರು, ಮಲ್ಪೆ