'ಗಾಡಿ ಹೀಟ್ ಆಗ್ತಿಲ್ಲ': ಇದು ದೂರೋ, ಕ್ಷೇಮ ಸಮಾಚಾರವೋ?

ಎಲ್ಲರಿಗೂ ನಮಸ್ಕಾರ.

ನೋಡೋಕೆ ಇದು ಗ್ಯಾರೇಜಿನ ವಿಷಯ. ಆದರೆ ನಾನು ಎಡವಿದ್ದು ಮಾತಿನಲ್ಲಿ, ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಅಕ್ಕನ ಮಗನ ಹತ್ತಿರ ಒಂದು ಡೀಸೆಲ್ ಕಾರಿದೆ. ಬೆಳಿಗ್ಗೆ ಹೊರಟು 20 ಕಿಲೋಮೀಟರ್ ಓಡಿಸಿದರೂ ಟೆಂಪರೇಚರ್ ಮುಳ್ಳು ನಡುವಿಗೆ ಬರುತ್ತಿರಲಿಲ್ಲ. ಇಳಿಜಾರಿನಲ್ಲಿ ಇನ್ನೂ ಕೆಳಗೆ ಜಾರುತ್ತಿತ್ತು. ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ. ಅವನು ಒಬ್ಬ ಮೆಕ್ಯಾನಿಕ್‌ಗೆ ಫೋನ್ ಮಾಡಿ 'ಗಾಡಿ ಹೀಟ್ ಆಗ್ತಿಲ್ಲ' ಅಂದನಂತೆ. 'ಒಳ್ಳೇದೇ ಅಲ್ವಾ ಸಾರ್, ಓಡಿಸಿ' ಅಂತ ಆ ಕಡೆಯಿಂದ ಉತ್ತರ ಬಂತಂತೆ.

ನನಗೇನೋ ಆ ಮೆಕ್ಯಾನಿಕ್ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಮಾತಿನಲ್ಲಿ 'ಗಾಡಿ ಹೀಟ್ ಆಗ್ತಿದೆ' ಅಂದರೆ ಅದು ಯಾವತ್ತೂ ದೂರು. ಮೊಬೈಲ್ ಹೀಟ್ ಆಗ್ತಿದೆ, ಮೋಟಾರ್ ಹೀಟ್ ಆಗ್ತಿದೆ, ಮೈ ಹೀಟ್ ಆಗಿದೆ: ಎಲ್ಲಾ ಕಡೆ ಅರ್ಥ ಒಂದೇ, ಇರಬೇಕಾದ್ದಕ್ಕಿಂತ ಜಾಸ್ತಿ ಬಿಸಿ. ಇಂಗ್ಲಿಷಿನಿಂದ ಬರುವಾಗ 'ಹೀಟ್' ಬರೀ ಬಿಸಿ ಅನ್ನೋ ಅರ್ಥವನ್ನು ಅಲ್ಲೇ ಬಿಟ್ಟು, ಅತಿಬಿಸಿ ಅನ್ನೋದನ್ನಷ್ಟೇ ಹೊತ್ತುಕೊಂಡು ಬಂದಿದೆ. ಹಾಗಾಗಿ 'ಹೀಟ್ ಆಗ್ತಿಲ್ಲ' ಅಂದರೆ ಎಲ್ಲಾ ಚೆನ್ನಾಗಿದೆ ಅಂತಲೇ ಕೇಳಿಸುತ್ತದೆ.

ಆದರೆ ಡೀಸೆಲ್ ಎಂಜಿನ್ನಿಗೆ ಇದು ನಿಜವಾದ ಕಾಯಿಲೆ. ಪೆಟ್ರೋಲ್ ಎಂಜಿನ್ನಿಗೆ ಹೋಲಿಸಿದರೆ ಡೀಸೆಲ್ ಎಂಜಿನ್ ಪೋಲು ಮಾಡುವ ಬಿಸಿ ಕಡಿಮೆ. ಸುಮ್ನೆ ಐಡಲ್‌ನಲ್ಲಿ ನಿಲ್ಲಿಸಿದರೆ ಅದು ಬಿಸಿಯಾಗೋದೇ ನಿಧಾನ. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು, ಅಂದರೆ ಎಂಜಿನ್ ತಣಿಸುವ ನೀರನ್ನು, ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲೇ ಥರ್ಮೋಸ್ಟಾಟ್. ಅದು ತೆರೆದೇ ಉಳಿದರೆ ಕೂಲೆಂಟ್ ಎಲ್ಲಾ ಮೊದಲ ನಿಮಿಷದಿಂದಲೇ ರೇಡಿಯೇಟರ್ ಸುತ್ತಿ ತಣ್ಣಗಾಗಿ ಬರುತ್ತದೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ. ಎಷ್ಟೋ ಕಾರುಗಳಲ್ಲಿ ಎಂಜಿನ್ ತಕ್ಕಷ್ಟು ಬಿಸಿಯಾಗದಿದ್ದರೆ ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಸೋಸುಕ) ತನ್ನೊಳಗಿನ ಮಸಿ ಸುಟ್ಟುಕೊಳ್ಳುವ ಕೆಲಸವನ್ನೇ ಶುರು ಮಾಡುವುದಿಲ್ಲ. ಸ್ಕ್ಯಾನರ್ ಹಾಕಿದಾಗ ಅವನ ಕಾರು ಪಿ0128 ಅನ್ನೋ ಕೋಡ್ ತೋರಿಸಿತು. ಕೂಲೆಂಟ್ ಇರಬೇಕಾದಷ್ಟು ಬಿಸಿ ಇಲ್ಲ ಅಂತ ಅದರರ್ಥ. ಕಾರು ಸರಿಯಾಗೇ ಹೇಳಿತು. ಹೇಳೋಕೆ ಬಾರದೇ ಹೋದದ್ದು ನಮಗೆ.

ಹಾಗಾದರೆ ಈ ದೂರನ್ನು ಕನ್ನಡದಲ್ಲಿ ಹೇಗೆ ಹೇಳೋದು? 'ಎಂಜಿನ್ ಬಿಸಿಯಾಗ್ತಿಲ್ಲ' ಅಂದರೆ ಪರವಾಗಿಲ್ಲ, ಆದರೆ ಸುಳ್ಳು. ಬಿಸಿ ಆಗಿದೆ, ಮುಟ್ಟಿದರೆ ಕೈ ಸುಡುತ್ತದೆ. ಆಗಬೇಕಾದಷ್ಟು ಆಗಿಲ್ಲ, ಅಷ್ಟೇ. 'ಕಾವೇರಿಲ್ಲ' ಅನ್ನೋಣ ಅಂದುಕೊಂಡೆ. ಕಾವೇರೋದು ಈಗ ಚುನಾವಣೆ, ಚರ್ಚೆಗಳಿಗೆ ಮೀಸಲಾಗಿಬಿಟ್ಟಿದೆ. ನನಗೆ ಹಿಡಿಸಿದ್ದು 'ಎಂಜಿನ್ ಹದಕ್ಕೆ ಬರ್ತಿಲ್ಲ'. ಹದ ಅಂದರೆ ಕಡಿಮೆಯೂ ಅಲ್ಲ, ಜಾಸ್ತಿಯೂ ಅಲ್ಲ. ಮಣ್ಣಿಗೆ ಹದ ಇದೆ, ಕಾದ ಕಬ್ಬಿಣಕ್ಕೆ ಹದ ಇದೆ, ಎಂಜಿನ್ನಿಗೆ ಯಾಕೆ ಇರಬಾರದು? ಇದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಇನ್ನು ನನ್ನ ತಪ್ಪಿನ ಕಥೆ. ಹೋದ ವರ್ಷ ನನ್ನ ಕಾರಿನ ಥರ್ಮೋಸ್ಟಾಟನ್ನು ಮನೆಯಲ್ಲೇ ಬದಲಾಯಿಸಿದ್ದೆ. ಆ ಧೈರ್ಯದಲ್ಲಿ, ಅದನ್ನು ಬದಲಾಯಿಸೋದು ಹೇಗೆ ಅಂತ ಹುಡುಗನಿಗೆ ಒಂದು ಪುಟ ಕನ್ನಡದಲ್ಲಿ ಬರೆದು ಕಳಿಸಿದೆ. ಮೊದಲ ಸಾಲಲ್ಲೇ 'ನಿನ್ನ ಥರ್ಮೋಸ್ಟಾಟ್ ಜಾಮ್ ಆಗಿದೆ' ಅಂತ ಬರೆದಿದ್ದೆ. ಅವನಿಂದ ಫೋನ್: 'ಮಾಮ, ಜಾಮ್ ಆಗಿದ್ರೆ ನೀರು ಹೋಗಲ್ಲ, ಎಂಜಿನ್ ಕುದಿಬೇಕಿತ್ತಲ್ವಾ?'

ಸರಿಯಾದ ಪ್ರಶ್ನೆ. ಟ್ರಾಫಿಕ್ ಜಾಮ್ ಆಗಲಿ, ಬಾಗಿಲು ಜಾಮ್ ಆಗಲಿ, ನಮ್ಮ ಕಿವಿಗೆ 'ಜಾಮ್' ಅಂದರೆ ಮುಚ್ಚಿಹೋಗಿದೆ ಅಂತಲೇ. ತೆರೆದೇ ಜಾಮ್ ಆಗಬಹುದು ಅಂತ ಯಾರಿಗೂ ಹೊಳೆಯೋದಿಲ್ಲ. ಕೆಲವರು 'ಸ್ಟ್ರಕ್ ಆಗಿದೆ' ಅನ್ನುತ್ತಾರೆ. ಇಂಗ್ಲಿಷಿನ 'ಸ್ಟಕ್' ನಮ್ಮಲ್ಲಿ ಬಂದು ಒಂದು ರಕಾರ ಸೇರಿಸಿಕೊಂಡಿದೆ. ತಮಾಷೆ ಇರಲಿ, ಅದೂ ಯಾವ ಕಡೆಗೆ ಸಿಕ್ಕಿಕೊಂಡಿದೆ ಅಂತ ಹೇಳುವುದಿಲ್ಲ. 'ಥರ್ಮೋಸ್ಟಾಟ್ ಹೋಗಿದೆ' ಅನ್ನೋದಂತೂ ಮರಣವಾರ್ತೆ, ಕಾರಣ ಗೊತ್ತಾಗಲ್ಲ.

ಇಲ್ಲಿ ಕಡೆ ಯಾವುದು ಅನ್ನೋದೇ ಮುಖ್ಯ. ಮುಚ್ಚಿಕೊಂಡು ಕೆಟ್ಟರೆ ಎಂಜಿನ್ ಕುದಿಯುತ್ತದೆ, ಆ ಕ್ಷಣವೇ ಗಾಡಿ ನಿಲ್ಲಿಸಬೇಕು. ತೆರೆದುಕೊಂಡು ಕೆಟ್ಟರೆ ಮನೆವರೆಗೂ ಓಡಿಸಿಕೊಂಡು ಬರಬಹುದು.

ನನ್ನ ಹಳೇ ಥರ್ಮೋಸ್ಟಾಟನ್ನು ಬಿಚ್ಚಿದಾಗ ಕಂಡದ್ದನ್ನು ಹೇಳಿದರೆ ಪದ ಹುಡುಕೋಕೆ ನಿಮಗೂ ಸುಲಭ. ಅಂಗೈಯಲ್ಲಿ ಕೂರುವ ಸಾಮಾನು. ನಡುವೆ ಒಂದು ಚಿಕ್ಕ ಹಿತ್ತಾಳೆ ಡಬ್ಬಿ, ಅದರೊಳಗೆ ಮೇಣ. ಬಿಸಿಗೆ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ಬಿಲ್ಲೆ ತನ್ನ ಕಟ್ಟೆಯಿಂದ ಮೇಲೇಳುತ್ತದೆ. ತಣ್ಣಗಾದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ಬಿಲ್ಲೆಯನ್ನು ಮತ್ತೆ ಕೂರಿಸುತ್ತದೆ. (ಹಿಗ್ಗು, ಕುಗ್ಗು: ಎಂಥ ಜೋಡಿ ನೋಡಿ. ಮನಸ್ಸಿಗೂ ಮೇಣಕ್ಕೂ ಒಂದೇ ಮಾತು.) ನನ್ನದು ಪೂರ್ತಿ ತಣ್ಣಗಿತ್ತು. ಆದರೂ ಕಿಟಕಿಗೆ ಹಿಡಿದರೆ ಬಿಲ್ಲೆಯ ಸುತ್ತ ಅರ್ಧಚಂದ್ರದ ಹಾಗೆ ಬೆಳಕು ಕಾಣುತ್ತಿತ್ತು. ಸಂದಿಯಲ್ಲಿ ಉಗುರು ತೂರುತ್ತಿತ್ತು. ಕಟ್ಟೆಯ ಅಂಚಿನಲ್ಲಿ ಕಂದು ಬಣ್ಣದ ಒಂದು ಚಕ್ಕೆ ಕೂತಿತ್ತು, ಅಕ್ಕಿಕಾಳಿಗಿಂತ ಸಣ್ಣದು.

ಅದನ್ನು ನೋಡುತ್ತಲೇ ಬಾಯಿಗೆ ಬಂದ ಮಾತು: 'ಅಯ್ಯೋ, ಬಾಯಿ ಬಿಟ್ಕೊಂಡೇ ಕೂತಿದೆ!' ಈಗ ಅನ್ನಿಸುತ್ತಿದೆ, ಬೇಕಾದ ಪದ ಅದೇ. ತೆರೆದು ಕೆಟ್ಟದ್ದು 'ಬಾಯಿ ಬಿಟ್ಟುಕೊಂಡಿದೆ', ಮುಚ್ಚಿ ಕೆಟ್ಟದ್ದು 'ಬಾಯಿ ಕಚ್ಚಿಕೊಂಡಿದೆ'. ಹಲ್ಲು ಕಚ್ಚಿಕೊಂಡ ಹಾಗೆ. ಚಪ್ಪಲಿ ಬಾಯಿ ಬಿಡುತ್ತದೆ, ಹೊಲಿಗೆ ಬಿಟ್ಟ ಚೀಲ ಬಾಯಿ ಬಿಡುತ್ತದೆ. ಯಾರಿಗೂ ಅರ್ಥ ವಿವರಿಸಬೇಕಾಗಿಲ್ಲ. ಆದರೆ ಬರಹದಲ್ಲಿ ಇದು ತೀರಾ ಹಗುರ ಅನ್ನಿಸುತ್ತದೆಯಾ? ಒಬ್ಬ ಗೆಳೆಯ 'ತೆರೆಸಿಲುಕು' ಮತ್ತು 'ಮುಚ್ಚುಸಿಲುಕು' ಅಂತ ಪದ ಕಟ್ಟಿಕೊಟ್ಟ. ಚೆನ್ನಾಗಿವೆ, ಆದರೆ ಬಾನೆಟ್ ಕೆಳಗೆ ತಲೆ ಹಾಕಿದವನ ಬಾಯಲ್ಲಿ ಅವು ಬರಲಿಕ್ಕಿಲ್ಲ.

ಸಾಮಾನಿಗೇ ಒಂದು ಕನ್ನಡ ಹೆಸರು ಬೇಕಾ ಅನ್ನೋದರಲ್ಲಿ ನನಗೆ ಅಷ್ಟು ಹಟ ಇಲ್ಲ. ಥರ್ಮೋಸ್ಟಾಟ್ ಇರಲಿ. 1830ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಎರಡು ಲೋಹದ ಪಟ್ಟಿಯ ಒಂದು ಸಾಧನಕ್ಕೆ ಆ ಹೆಸರಿನಲ್ಲಿ ಪೇಟೆಂಟ್ ಪಡೆದ. ಗ್ರೀಕಿನ 'ಥರ್ಮೋಸ್' ಅಂದರೆ ಬಿಸಿ. ಸಂಸ್ಕೃತದ ಘರ್ಮ, ಪಾರಸಿಯಿಂದ ಬಂದ ನಮ್ಮ 'ಗರಂ', ಎಲ್ಲಾ ಒಂದೇ ಬೇರಿನವು. ಮಂತ್ರಿಗಳು ಗರಂ ಆದಾಗಲೂ ಥರ್ಮೋಸ್ಟಾಟಿನ ದಾಯಾದಿಯೇ ಸುದ್ದಿಯಲ್ಲಿರುತ್ತಾನೆ. 'ಉಷ್ಣಸ್ಥಾಪಕ' ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು, ಅಂಗಡಿಯಲ್ಲಿ ಸಾಮಾನು ಸಿಗಲ್ಲ.

ಆದರೂ ಒಂದು ಆಸೆ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ಕಾಯು' ಎರಡಿವೆ. ನೀರು ಕಾಯುವುದು ಒಂದು, ಮನೆ ಕಾಯುವುದು ಇನ್ನೊಂದು. ಧಾತುಗಳು ಬೇರೆ ಬೇರೆ, ಆದರೆ ಎರಡೂ 'ಕಾದ' ಅಂತಲೇ ಆಗುತ್ತವೆ. ಈ ಸಾಮಾನು ಎಂಜಿನ್ ಕಾಯುವ ತನಕ ಕಾಯುತ್ತದೆ! ಕೆರೆಗೆ ತೂಬು ಇದ್ದ ಹಾಗೆ ಇದು ಕೂಲೆಂಟಿಗೆ ತೂಬು. 'ಕಾವುತೂಬು' ಅಂದರೆ ಹೇಗೆ? ಕೊಡಲಿಯ ಹಿಡಿಗೂ ಕಾವು ಅನ್ನುತ್ತೇವಲ್ಲ, ಗೊಂದಲ ಆದೀತಾ? ನನಗೇ ಪೂರ್ತಿ ಒಪ್ಪಿಗೆ ಇಲ್ಲ, ಸುಮ್ನೆ ಇಟ್ಟಿದ್ದೇನೆ.

ಥರ್ಮೋಸ್ಟಾಟಿನ ಮೈಮೇಲೆ 82 ಅಂತ ಒತ್ತಿರುತ್ತದೆ, ಕೆಲವಕ್ಕೆ 88. '82 ಡಿಗ್ರಿಗೆ ತೆರೆಯುತ್ತದೆ' ಅಂತ ಬರೆದಿದ್ದೆ. ಹುಡುಗ ಹೊಸದನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಕಾಯಿಸಿದ. 82ಕ್ಕೆ ಕೂದಲೆಳೆಯಷ್ಟು ಸಂದು ಕಂಡಿತು, ಅಷ್ಟೇ. ಇದೂ ಕೆಟ್ಟಿದೆ ಅಂತ ಅಂದುಕೊಂಡ. ಆ ಅಂಕಿ ತೆರೆಯೋಕೆ ಶುರುವಾಗುವ ಬಿಸಿ. ಪೂರ್ತಿ ತೆರೆಯೋಕೆ ಇನ್ನೂ 10–15 ಡಿಗ್ರಿ ಬೇಕು. 'ಬಾಯಿ ಬಿಡೋಕೆ ಶುರು ಮಾಡುತ್ತದೆ' ಅಂತ ತಿದ್ದಿದ್ದೇನೆ.

ಪ್ಯಾಕಿಂಗ್ ಇನ್ನೊಂದು. ಕೂಡಿಸಿದ ಜಾಗ ಸೋರದ ಹಾಗೆ ನಡುವೆ ಇಡುವ ಗ್ಯಾಸ್ಕೆಟ್ ಅನ್ನೋದಕ್ಕೆ ಗ್ಯಾರೇಜಿನಲ್ಲಿ ಎಲ್ಲರೂ ಅನ್ನುವುದು ಪ್ಯಾಕಿಂಗ್ ಅಂತಲೇ. ನಾನೂ ಹಾಗೇ ಬರೆದೆ: 'ಹೊಸದರ ಜೊತೆ ಬಂದ ಪ್ಯಾಕಿಂಗ್ ಬಿಸಾಡಬೇಡ'. ಅವನು ರಟ್ಟಿನ ಡಬ್ಬಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದ! ಪುಣ್ಯಕ್ಕೆ ರಬ್ಬರ್ ರಿಂಗೂ ಅದರೊಳಗೇ ಇತ್ತು.

ಇದೆಲ್ಲಾ ನಗುವ ವಿಷಯ. ನಗಬಾರದ್ದು ಒಂದಿದೆ, ದಯವಿಟ್ಟು ಇದಕ್ಕೆ ಖಂಡಿತ ಉತ್ತರ ಬರೆಯಿರಿ. 'ಎಂಜಿನ್ ಆರಿದ ಮೇಲೆ ಮುಚ್ಚಳ ತೆಗಿ' ಅಂತ ಬರೆದಿದ್ದೆ. ಬಿಸಿ ಆರಿದ ಮೇಲೆ ಅನ್ನೋದು ನನ್ನ ಮನಸ್ಸಿನಲ್ಲಿದ್ದದ್ದು. ಆದರೆ ದೀಪ ಆರುತ್ತದೆ, ಒಲೆ ಆರುತ್ತದೆ. 'ಎಂಜಿನ್ ಆರಿದ ಮೇಲೆ' ಅಂದರೆ ಆಫ್ ಮಾಡಿದ ಮೇಲೆ ಅಂತ ಓದಿಕೊಳ್ಳೋದು ತಪ್ಪೇನಲ್ಲ. ಆಫ್ ಮಾಡಿದ ಕೂಡಲೇ ಕೂಲೆಂಟ್ ತುಂಬುವ ಆ ಮುಚ್ಚಳ ತಿರುಗಿಸಿದರೆ ಗತಿ ಏನು? ಒಳಗೆ ಒತ್ತಡ ಇರೋದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರಬಹುದು. ಮುಚ್ಚಳ ಬಿಚ್ಚಿದರೆ ಒತ್ತಡ ಇಳಿದು ಒಮ್ಮೆಗೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಅದೃಷ್ಟಕ್ಕೆ ಹುಡುಗ ರಾತ್ರಿಯೆಲ್ಲಾ ನಿಂತಿದ್ದ ಗಾಡಿಗೆ ಬೆಳಿಗ್ಗೆ ಕೈ ಹಾಕಿದ. ಈಗ 'ಮುಟ್ಟಿದರೆ ತಣ್ಣಗಿರಬೇಕು' ಅಂತ ಬದಲಾಯಿಸಿದ್ದೇನೆ. 'ಆರು' ಅನ್ನೋ ಒಳ್ಳೇ ಪದವನ್ನು ಇಂಥ ಕಡೆ ಬಳಸಲೇಬಾರದು ಅಂತೀರಾ?

ಕೊನೆಗೆ ಗಾಳಿ. ಹೊಸ ಥರ್ಮೋಸ್ಟಾಟ್ ಕೂರಿಸಿ ಕೂಲೆಂಟ್ ತುಂಬಿದ ಮೇಲೆ ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಉಳಿದರೆ ಗುಳ್ಳೆ ಇದ್ದ ಕಡೆ ಕೂಲೆಂಟ್ ಸುಳಿಯೋದಿಲ್ಲ, ಮುಳ್ಳು ಕುಣಿಯುತ್ತದೆ. ಇಂಗ್ಲಿಷ್ ಕೈಪಿಡಿಯಲ್ಲಿ ಇದಕ್ಕೆ 'ಬ್ಲೀಡ್' ಅಂತಾರೆ. ಕಂಪ್ಯೂಟರಿಗೆ ಅನುವಾದ ಮಾಡು ಅಂದರೆ ವ್ಯವಸ್ಥೆಗೆ ರಕ್ತಸ್ರಾವ ಮಾಡಿಸಿತು. ಕನ್ನಡದಲ್ಲಿ 'ಗಾಳಿ ಹಿಡಿದಿದೆ, ಬಿಡಿಸಬೇಕು' ಅಂತ ಬರೆದೆ. ಅಕ್ಕ ಅದನ್ನು ಓದಿ 'ಕಾರಿಗೆ ಮಂತ್ರ ಹಾಕಿಸಬೇಕೇನೋ?' ಅಂತ ಕೇಳಿದಳು. ಮೆಕ್ಯಾನಿಕ್‌ಗಳು 'ಏರ್ ಹಿಡಿದಿದೆ', 'ಏರ್ ತೆಗಿಬೇಕು' ಅನ್ನೋದು ಬಹುಶಃ ಇದೇ ಕಾರಣಕ್ಕೆ. ಏರ್ ಹಿಡಿದರೆ ಯಂತ್ರಕ್ಕೆ, ಗಾಳಿ ಹಿಡಿದರೆ ಮನುಷ್ಯರಿಗೆ.

ಗಾಳಿ ಹೋಗಲಿ ಅಂತಲೇ ಎಷ್ಟೋ ಥರ್ಮೋಸ್ಟಾಟ್‌ಗಳ ಅಂಚಿನಲ್ಲಿ ಒಂದು ಸಣ್ಣ ತೂತು, ತೂತಿನಲ್ಲಿ ಅಲ್ಲಾಡುವ ಒಂದು ಪುಟ್ಟ ಗುಂಡುಕಡ್ಡಿ ಇರುತ್ತದೆ. ಕೂರಿಸುವಾಗ ಅದು ಮೇಲುಗಡೆ ಬರಬೇಕು. ಇದಕ್ಕೆ ಗ್ಯಾರೇಜಿನಲ್ಲೂ ಹೆಸರು ಕೇಳಿಲ್ಲ. ಅಲ್ಲಾಡಿಸಿದರೆ ಕಿಣಿಕಿಣಿ ಅನ್ನುತ್ತದೆ, ಹಾಗಾಗಿ ನಾನು 'ಲೋಲಾಕು ಮೇಲಿರಲಿ' ಅಂತ ಬರೆದೆ. ಈ ಒಂದು ಸಾಲಿಗೆ ಮಾತ್ರ ಹುಡುಗ ಫೋನ್ ಮಾಡಲಿಲ್ಲ.

ನಿನ್ನೆ ಸಂಜೆ ಅವನ ಮೆಸೇಜ್ ಬಂತು. 'ಮಾಮ, ಗಾಡಿ ಹೀಟ್ ಆಯ್ತು.' ಅಷ್ಟೇ. ಎದೆ ಧಸಕ್ಕೆಂದು ತಕ್ಷಣ ಫೋನ್ ಮಾಡಿ 'ಎಷ್ಟಪ್ಪಾ?' ಅಂದೆ.

'88' ಅಂದ.